ಬೆಲ್ಟು ಹಿಡಿದ ಗೊಂಬೆ

ಅಪ್ಪನ ಬೆಲ್ಟಿಗೆಂದೇ ನಡುಮನೆಯ ಬಾಗಿಲ ಹಿಂದೆ ಒಂದು ಮೊಳೆ ಇತ್ತು. ಸಾರಿಗೆ ಉಪ್ಪು ಹೆಚ್ಚಾದರೆ ಅದು ಅಮ್ಮನ ಬೆನ್ನಿಗೆ, ನಾನು ಎದುರಾಡಿದರೆ ನನ್ನ ಬೆನ್ನಿಗೆ. ಜಯನಗರದಲ್ಲಿ ಆಗ ಮನೆಗಳಿಗಿಂತ ಬಂಡೆಗಳೇ ಹೆಚ್ಚು, ಕಿರುಚಿಕೊಂಡರೂ ಓಡಿಬರುವವರಿಲ್ಲ. ಎದುರಿಗೆ ಅಪ್ಪನನ್ನು ಬಹುವಚನದಲ್ಲೇ ಮಾತಾಡಿಸುತ್ತಿದ್ದೆ. ಬರೆಯುವಾಗ ಆ ಮರ್ಯಾದೆ ನನ್ನ ಕೈಯಲ್ಲಿ ಆಗದು.

ನನಗೆ ಹದಿನೇಳಾದ ವರ್ಷ ಅಮ್ಮನ ಅಣ್ಣ ಬಂದು ಮಳೆಗಾಲವಿಡೀ ನಮ್ಮಲ್ಲಿದ್ದ. ಮರದಲ್ಲಿ ನಗೆಗೊಂಬೆ ಕೆತ್ತುವುದು ಅವನ ಕಸುಬು: ಡೊಳ್ಳುಹೊಟ್ಟೆಯ ಶೆಟ್ಟಿ, ಮುಖವೆಲ್ಲ ಮೂಗೇ ಆದ ಮೇಷ್ಟ್ರು. ಹಿತ್ತಲಲ್ಲಿ ಕೂರಿಸಿಕೊಂಡು ನನಗೂ ಕಲಿಸಿದ. ಅವನದೂ ಹೊಡೆಯುವ ಕೈಯೇ. ಉಳಿ ತಪ್ಪಿದರೆ ಮರದ ಕೊಡತಿಯಿಂದ ಗೆಣ್ಣಿಗೆ ಒಂದು ಬಿಡುತ್ತಿದ್ದ. "ಒಂದನ್ನ ದೊಡ್ಡದು ಮಾಡು, ಮಿಕ್ಕಿದ್ದನ್ನ ಚಿಕ್ಕದು ಮಾಡು. ಎಲ್ಲಾನೂ ಕೆತ್ತಕ್ಕೆ ಹೋದ್ರೆ ಹೆಣ ಆಗುತ್ತೆ" ಎನ್ನುತ್ತಿದ್ದ.

ನಾನು ಅಪ್ಪನನ್ನು ಕೆತ್ತಿದೆ. ಗೇಣುದ್ದದ ಹಾಲೆಮರದ ತುಂಡಿನಲ್ಲಿ ದೇಹಕ್ಕಿಂತ ದಪ್ಪನೆಯ, ಎತ್ತಿದ ಬಲಗೈ, ಅದರಲ್ಲಿ ಬೆಲ್ಟು. ಮಾವ ತಿರುಗಿಸಿ ತಿರುಗಿಸಿ ನೋಡಿದ.

"ಕೈ ಭೇಷಾಗಿದೆ. ಮುಖ ಸತ್ತಿದೆ. ಹೊಡೆಯೋವಾಗ ಅವನ ಮುಖ ನೋಡಿದ್ದೀಯೇನೇ?"

"ಇಲ್ಲ ಮಾವ, ತಲೆ ತಗ್ಗಿಸ್ಕೋತೀನಿ."

"ಮತ್ತೆ ಯಾರ ಮುಖ ಕೆತ್ತಿದೆ?"

ನವರಾತ್ರಿಗೆ ಮುಂಚೆಯೇ ಮಾವ ಊರಿಗೆ ಹೊರಟುಹೋದ. ಉಳಿ, ಕೊಡತಿಗಳನ್ನು ನನಗೇ ಬಿಟ್ಟ.

ಅಮ್ಮ ಆ ಗೊಂಬೆಯನ್ನು ದಸರೆ ಗೊಂಬೆಗಳ ಕೆಳಗಿನ ಮೆಟ್ಟಿಲಲ್ಲಿ, ಮಾವನ ಶೆಟ್ಟಿಯ ಪಕ್ಕ ಕೂರಿಸಿದಳು. ನಾನು ಬೇಡವೆಂದರೂ ಕೇಳಲಿಲ್ಲ. ಅರಿಶಿನ ಕುಂಕುಮಕ್ಕೆ ಬಂದ ಹೆಂಗಸರು ಒಮ್ಮೆ ಗೊಂಬೆಯನ್ನು, ಒಮ್ಮೆ ಅಪ್ಪನನ್ನು ನೋಡಿ ಬಾಯಿಗೆ ಸೆರಗಿಟ್ಟು ನಕ್ಕರು. ಆದರೆ ಕಲಶವಿಟ್ಟು ಕೂರಿಸಿದ ಗೊಂಬೆಯನ್ನು ವಿಜಯದಶಮಿಯವರೆಗೆ ಯಾರೂ ಕದಲಿಸುವಂತಿಲ್ಲ. ಅಪ್ಪನಿಗೆ ದೇವರ ಭಯ ಮಾತ್ರ ಬೇಕಾದಷ್ಟಿತ್ತು.

"ಹಬ್ಬ ಮುಗೀಲಿ, ನಿನ್ನ ಕೈ ಮುರೀತೀನಿ. ಜನ್ಮದಲ್ಲಿ ಉಳಿ ಹಿಡೀಬಾರ್ದು ನೀನು" ಎಂದ.

ಆಯುಧಪೂಜೆಯ ದಿನ ಅವನು ತನ್ನ ಸೈಕಲ್ಲು, ಪೆನ್ನು ತಂದಿಟ್ಟ. ಅಮ್ಮ ಮೊಳೆಯಿಂದ ಬೆಲ್ಟನ್ನು ತೆಗೆದು ನನ್ನ ಉಳಿಗಳ ಪಕ್ಕ ಸುತ್ತಿಟ್ಟು, ಕುಂಕುಮ ಹಚ್ಚಿ ಸೇವಂತಿಗೆ ಏರಿಸಿದಳು.

"ಇದ್ಯಾಕೆ?" ಎಂದ ಅಪ್ಪ.

"ದಿನಾ ಬಳಸೋದು ಇದನ್ನೇ ಅಲ್ವಾ?"

ಪೂಜೆಗೆ ಕರೆದಿದ್ದವರು ಎದುರಿಗಿದ್ದರು. ಅಪ್ಪ ಹಲ್ಲು ಕಚ್ಚಿಕೊಂಡು ಮಂಗಳಾರತಿ ತೆಗೆದುಕೊಂಡ.

ದಶಮಿಯ ಸಂಜೆ ಹಬ್ಬ ಮುಗಿಯಿತೆಂದು ಅಮ್ಮ ಪಟ್ಟದ ಗೊಂಬೆಯನ್ನು ಮಲಗಿಸಿದಳು. ಅದಕ್ಕೇ ಕಾದಿದ್ದ ಅಪ್ಪ ನನ್ನ ಗೊಂಬೆಯನ್ನು ನೆಲಕ್ಕಿಟ್ಟು ಕೊಡತಿಯಿಂದ ಜಜ್ಜಿದ. ಅಡ್ಡ ಬಂದ ಅಮ್ಮನನ್ನು ಗೋಡೆಗೆ ತಳ್ಳಿದ. ಅವಳ ಹುಬ್ಬು ಒಡೆದು ರಕ್ತ ಸುರಿಯಿತು. ಬೆಲ್ಟು ಎತ್ತಿಕೊಂಡಾಗ ಒಣಗಿದ ಸೇವಂತಿಗೆ ಕೆಳಗೆ ಬಿತ್ತು.

"ಚಾಚೇ ಕೈನ!"

ಚಾಚಿದೆ. ತಲೆ ಮಾತ್ರ ತಗ್ಗಿಸಲಿಲ್ಲ. ಬಕ್ಕಲ್ಲಿನ ಮೊದಲ ಏಟಿಗೆ ಕಣ್ಣು ಕತ್ತಲಿಟ್ಟಿತು. ಎರಡನೆಯದಕ್ಕೆ ಅವನ ಮುಖ ಕಂಡಿತು. ಕೆಳತುಟಿಯನ್ನು ಕಚ್ಚಿ ಒಳಗೆಳೆದುಕೊಂಡಿದ್ದ, ಏಟು ತಿನ್ನುತ್ತಿರುವವನು ತಾನೇ ಎಂಬಂತೆ. ನಾನು ಗೊಂಬೆಗೆ ದೊಡ್ಡ ದವಡೆ ಕೆತ್ತಿದ್ದೆ. ಅಯ್ಯೋ, ಎಂಥ ದವಡೆ! ಅವನ ಮುಖದಲ್ಲಿ ಗದ್ದವೇ ಇರಲಿಲ್ಲ.

"ಏನೇ ಹಂಗೆ ನೋಡ್ತಿದೀಯ?"

"ತುಟಿ ನೋಡ್ತಿದೀನಿ ಅಪ್ಪಾ. ಸರಿಯಾಗಿ ಕೆತ್ತಿರ್ಲಿಲ್ಲ."

ಎತ್ತಿದ ಕೈ ಎತ್ತಿದಂತೆಯೇ ನಿಂತಿತು.

ನನ್ನ ಕಿರುಬೆರಳು ಇಂದಿಗೂ ಸೊಟ್ಟ. ಉಳಿ ಹಿಡಿಯಲು ಮಿಕ್ಕ ನಾಲ್ಕು ಸಾಕು. ಮುಂದಿನ ದಸರೆಗೆ ಅಮ್ಮ ಅದೇ ಮೆಟ್ಟಿಲಲ್ಲಿ ನನ್ನ ಹೊಸ ಗೊಂಬೆ ಕೂರಿಸಿದಳು, ತುಟಿ ಕಚ್ಚಿಕೊಂಡದ್ದು. ಈ ಸಲ ಹೆಂಗಸರು ನಗಲಿಲ್ಲ. ಅಪ್ಪ ಹಬ್ಬ ಮುಗಿಯುವವರೆಗೂ ಅದರ ಮುಂದೆ ತಲೆ ತಗ್ಗಿಸಿಕೊಂಡೇ ಓಡಾಡಿದ.