ಕೆಳಗಿನ ಮನೆಯವರಿಗೆ ನಿದ್ದೆ ಬೇಕು

ಲಿಫ್ಟಿಗಾಗಿ ಕಾಯುತ್ತ ನಿಂತಾಗ ಅವರ ಎರಡೂ ಕೈಯ ತೋರುಬೆರಳುಗಳು ಗಾಳಿಯಲ್ಲಿ ಏಳುತ್ತ ಬೀಳುತ್ತ ಇರುತ್ತಿದ್ದವು. ಮೆಟ್ಟಿಲ ಕಂಬಿಗೆ ಇನ್ನೇನು ತಾಗಬೇಕು ಅನ್ನುವಷ್ಟರಲ್ಲಿ ತಡೆದು ಮೇಲೇಳುತ್ತಿದ್ದವು. ಚೂರೂ ಸದ್ದಿಲ್ಲ. ದಪ್ಪ ಮಣಿಕಟ್ಟು, ಹೆಬ್ಬೆರಳ ಬುಡದಲ್ಲಿ ಜಡ್ಡುಗಟ್ಟಿದ ಚರ್ಮ. ಮುಂಬಯಿಯ ಫೋರ್ಟಿನ ಉಡುಪಿ ಹೋಟೆಲೊಂದರಲ್ಲಿ ಮ್ಯಾನೇಜರಾಗಿ ನಿವೃತ್ತರಾದವರು. ದುಡಿದ ಕೈ ಹಾಗೇ ಇರುತ್ತದೇನೋ ಅಂದುಕೊಂಡಿದ್ದೆ. ನಮ್ಮ ಮನೆಯ ನೇರ ಮೇಲಿನ ಮನೆ ಅವರದು. ನಾವು ಅವರನ್ನು ಮಾವ ಎನ್ನುತ್ತಿದ್ದೆವು.

ಮುಲುಂಡಿಗೆ ನಾವು ಬಂದದ್ದೇ ನನ್ನ ನಿದ್ದೆಗಾಗಿ. ದಾದರಿನಲ್ಲಿದ್ದಾಗ ತುಂಬಿದ ಬಸುರು ಉಳಿಯದೆ ಹೋಯಿತು. ಆಮೇಲೆ ನನಗೆ ಸದ್ದೆಂದರೆ ಆಗದಾಯಿತು. ಸ್ಟೇಷನ್ನಿನ ಅನೌನ್ಸ್‌ಮೆಂಟು, ಕೆಳಗಿನ ಮಾರ್ಕೆಟ್ಟಿನ ಕೂಗು, ಪಕ್ಕದ ಮನೆಯ ಮಿಕ್ಸರು, ಯಾವುದು ಕೇಳಿದರೂ ಎದೆ ಹೊಡೆದುಕೊಳ್ಳುತ್ತಿತ್ತು. "ಔಷಧಿ ಆಮೇಲೆ, ಮೊದಲು ಮನೆ ಬದಲಾಯಿಸಿ" ಅಂದರು ಡಾಕ್ಟರು.

ರಜೆ ಸಿಕ್ಕ ದಿನಗಳಲ್ಲೆಲ್ಲ ಮನೆ ನೋಡಿದೆವು. ಅಡುಗೆಮನೆ, ಗಾಳಿ, ಬೆಳಕು ನೋಡುವುದು ನನ್ನ ಗಂಡನ ಕೆಲಸ. ನಾನು ಮಲಗುವ ಕೋಣೆಗೆ ಹೋಗಿ ಕಣ್ಣು ಮುಚ್ಚಿ ನಿಲ್ಲುತ್ತಿದ್ದೆ. ಒಂದು ಕಡೆ ನೀರಿನ ಪಂಪು ಗುಂಯ್‌ಗುಡುತ್ತಿತ್ತು, ಇನ್ನೊಂದು ಕಡೆ ಗೋಡೆಯಾಚೆ ಯಾರೋ ಜಗಳವಾಡುತ್ತಿದ್ದರು. ಈ ಮನೆಯ ಹಿಂಬದಿಯಲ್ಲಿ ಗುಡ್ಡ. ಕಣ್ಣು ಮುಚ್ಚಿ ನಿಂತೆ, ಏನೂ ಕೇಳಿಸಲಿಲ್ಲ. ನಿಂತಲ್ಲೇ ಅಳು ಬಂತು.

ಮನೆಯ ಮಾಲೀಕರು ಬೀಗದ ಕೈಯನ್ನು ಮೇಲಿನ ಮನೆಯಲ್ಲಿ ಇಟ್ಟಿದ್ದರು. ಅದನ್ನು ತಂದುಕೊಟ್ಟವರು ಮಾವ. ಬಾಗಿಲಲ್ಲಿ ನಿಂತು ನಾನು ಅಳುವುದನ್ನು ನೋಡಿದರು. ನನ್ನ ಗಂಡ ಮುಜುಗರದಿಂದ, "ಇವಳಿಗೆ ನಿದ್ದೆ ಬಿಟ್ಟುಹೋಗಿದೆ ಸಾರ್. ಸ್ವಲ್ಪ ಸದ್ದಾದರೂ ತಡ್ಕೊಳ್ಳೋಕಾಗಲ್ಲ. ಇಲ್ಲಿ ಯಾವಾಗ್ಲೂ ಇಷ್ಟು ಶಾಂತವಾಗೇ ಇರುತ್ತಾ?" ಎಂದು ಕೇಳಿದರು.

ಮಾವ ಗುಡ್ಡದ ಕಡೆ ನೋಡಿದರು. ಆಮೇಲೆ, "ಹೌದು. ಇಲ್ಲಿ ಸದ್ದು ಎಂತದ್ದೂ ಇಲ್ಲ. ನೀವು ಬನ್ನಿ" ಅಂದರು.

ಬಂದೆವು. ನಿದ್ದೆ ಮೆಲ್ಲಮೆಲ್ಲನೆ ಮರಳಿತು. ಹೆಂಡತಿ ತೀರಿಕೊಂಡ ಮೇಲೆ ಒಬ್ಬರೇ ಇದ್ದ ಮಾವ ನೀರುದೋಸೆ ಮಾಡಿದಾಗ ಡಬ್ಬಿಯಲ್ಲಿ ತಂದುಕೊಡುತ್ತಿದ್ದರು. "ನಿದ್ದೆ ಒಂದು ಸಮ ಇದ್ರೆ ಬಾಕಿದ್ದೆಲ್ಲ ತನ್ನಷ್ಟಕ್ಕೆ ಸಮ ಆಗ್ತದೆ" ಎನ್ನುವುದು ಅವರ ಮಾತು. ಅವರ ಮನೆಯ ಕುರ್ಚಿಗಳ ಕಾಲಿಗೆ ಹಳೆಯ ಚಪ್ಪಲಿಯ ರಬ್ಬರು ಕತ್ತರಿಸಿ ಅಂಟಿಸಿದ್ದರು. ಅಚ್ಚುಕಟ್ಟಿನ ಮನುಷ್ಯ ಎಂದುಕೊಂಡೆ. ಭಾನುವಾರ ಬೆಳಿಗ್ಗೆ ಬೆಡ್‌ಶೀಟಿನಲ್ಲಿ ಸುತ್ತಿದ ದೊಡ್ಡ ಗಂಟೊಂದನ್ನು ಹೆಗಲಿಗೇರಿಸಿ ಲೋಕಲ್ ಟ್ರೇನ್ ಹಿಡಿಯಲು ಹೋಗುತ್ತಿದ್ದರು. ಅದೇನೆಂದು ಕೇಳಲಿಲ್ಲ. "ಇಂಥ ಮನೆ ಇಡೀ ಮುಂಬಯಿಯಲ್ಲಿ ಸಿಗಲ್ಲ ಮಾವ, ಹುಡುಕಿದ್ದಕ್ಕೂ ಸಾರ್ಥಕ" ಎಂದು ಅವರೆದುರೇ ಜಂಭ ಕೊಚ್ಚುತ್ತಿದ್ದೆ. "ಹೌದೌದು, ಜಾಗ ಒಳ್ಳೇದುಂಟು" ಎನ್ನುತ್ತಿದ್ದರು.

ಹಲವು ವರ್ಷಗಳ ಮೇಲೆ ಒಂದು ಸಂಜೆ ಹುಡುಗಿಯೊಬ್ಬಳು ತನ್ನ ಮದುವೆಯ ಕಾರ್ಡು ಹಿಡಿದು ಬಂದು ಬೆಲ್ ಮಾಡಿದಳು. ಮಹಡಿ ತಪ್ಪಿತ್ತು. "ಚೆಂಡೆ ಸರ್ ಮನೆ?" ಎಂದಳು. ಯಾವ ಚೆಂಡೆ ಎಂದೆ.

"ಯಕ್ಷಗಾನದ್ದು ಆಂಟಿ. ನಾವು ಛೋಟಾ ಇದ್ದಾಗ ಈ ಬಿಲ್ಡಿಂಗಲ್ಲೇ ಕಲೀತಾ ಇದ್ವಿ, ಡೇಲಿ ಸಂಜೆ. ಸರ್ ಮನೇಲೇ. ಆಮೇಲೆ ನೀಚೆ ಯಾರೋ ಬೀಮಾರ್, ಹುಷಾರಿಲ್ಲದೋರು ಬಂದ್ರು. ಕೆಳಗಿನ ಮನೆಯವರಿಗೆ ನಿದ್ದೆ ಬೇಕು ಅಂತ ಸರ್ ಬಂದ್ ಮಾಡಿದ್ರು. ಈಗ ಸಂಡೇ ಮಾತ್ರ, ಫೋರ್ಟಲ್ಲಿ. ಅವತ್ತು ಸರ್ ಕೆಲಸ ಮಾಡ್ತಿದ್ದ ಹೋಟೆಲ್ ಬಂದ್ ಇರ್ತದಲ್ಲ."

ನನ್ನ ಕೈ ಬಾಗಿಲ ಚಿಲಕದ ಮೇಲೇ ಇತ್ತು.

"ಆ ಬೀಮಾರ್ ಇದ್ದೋರು ಈಗ್ಲೂ ಇಲ್ಲೇ ಇದ್ದಾರಾ ಆಂಟಿ?"

"ಇದ್ದಾರೆ" ಅಂದೆ. ಅದು ನಾನೇ ಎಂದು ಹೇಳಲಾಗಲಿಲ್ಲ. ಮೇಲಿನ ಮಹಡಿ ತೋರಿಸಿ ಬಾಗಿಲು ಹಾಕಿಕೊಂಡೆ.

ಆ ಹೊತ್ತಿಗಾಗಲೇ ನಾನು ಲೋಕಲ್‌ನ ಲೇಡೀಸ್ ಬೋಗಿಯ ಗದ್ದಲದಲ್ಲಿ ನಿಂತೇ ತೂಕಡಿಸುವಷ್ಟು ಗುಣವಾಗಿದ್ದೆ. ಮರುದಿನ ಮೇಲೆ ಹೋದೆ. "ಮಾವ, ನೀವು ಮನೆಯಲ್ಲೇ ಬಾರಿಸಿ. ನನಗೇನೂ ಆಗಲ್ಲ" ಎಂದೆ. ಗೋಡೆಯ ಮೊಳೆಯಲ್ಲಿ ಚೆಂಡೆ ಬೆಡ್‌ಶೀಟ್ ಹೊದ್ದು ನೇತಾಡುತ್ತಿತ್ತು.

ಅವರು ನನ್ನ ಮುಖವನ್ನೇ ನೋಡಿದರು. "ಖಂಡಿತವಾ?"

"ಖಂಡಿತ" ಎಂದೆ. ಆದರೆ ಒಳಗೊಳಗೇ, ಬೇಡ ಎಂದುಬಿಡಲಿ ಎಂದು ಬೇಡಿಕೊಳ್ಳುತ್ತಿದ್ದೆ. ಗುಡ್ಡದ ಕಡೆಯ ಆ ಕೋಣೆ, ಆ ಸಂಜೆಗಳು ನನಗೆ ಅಷ್ಟು ರೂಢಿಯಾಗಿದ್ದವು. ತಾಳ ಅರ್ಧ ಅಕ್ಷರ ತಪ್ಪಿದರೂ ಹಿಡಿಯುವ ಕಿವಿ ಅವರದು. ನನ್ನ ದನಿಯಲ್ಲಿ ಅದು ಕೇಳಿಸದಿದ್ದೀತೇ.

"ಇರ್ಲಿ ಬಿಡಿ ಮಾರಾಯ್ರೆ" ಅಂದರು. "ಫೋರ್ಟಿನಲ್ಲಿ ಹಾಲ್ ದೊಡ್ಡದುಂಟು. ಮಕ್ಕಳಿಗೆ ಕುಣೀಲಿಕ್ಕೂ ಆಗ್ತದೆ."

ಮೆಟ್ಟಿಲಿಳಿಯುವಾಗ ನನಗೆ ಹಾಯೆನಿಸಿತು. ಇಂದಿಗೂ ನನ್ನನ್ನು ಸುಡುವುದು ಆ ಹಾಯೆನಿಸಿದ್ದೇ. ಮನೆಯಲ್ಲೇ ಬಾರಿಸಿ ಎಂದು ಎರಡನೆಯ ಸಲ ನಾನು ಹೇಳಲಿಲ್ಲ.

ಕಳೆದ ಮಳೆಗಾಲದಲ್ಲಿ ಅವರ ಮಂಡಿ ಕೈಕೊಟ್ಟಿತು. ಚೆಂಡೆ ಹೊತ್ತು ಸ್ಟೇಷನ್ನಿನ ಬ್ರಿಡ್ಜ್ ಹತ್ತಲಾಗದೆ ಭಾನುವಾರಗಳೂ ನಿಂತವು. ಆಗಲಾದರೂ ಹೇಳಬಹುದಿತ್ತು. ನಾಳೆ ಹೇಳೋಣ ಎಂದುಕೊಂಡೇ ದಿನಗಳು ಹೋದವು. ದೀಪಾವಳಿ ಕಳೆದು ಸ್ವಲ್ಪ ದಿನಕ್ಕೆ ಒಂದು ಬೆಳಿಗ್ಗೆ ಎದೆನೋವೆಂದು ಆಸ್ಪತ್ರೆಗೆ ಹೋದವರು ಜೀವಂತ ಮರಳಲಿಲ್ಲ.

ದೇಹವನ್ನು ಮನೆಗೆ ತಂದಾಗ ಶಿಷ್ಯರೆಲ್ಲ ಸೇರಿದ್ದರು. ಮೆಟ್ಟಿಲ ಮೇಲೆ ಗುಸುಗುಸು ಮಾತು ಕೇಳಿಸಿತು. ಮತ್ತೆ ಬೆಲ್ ಆಯಿತು. ಅದೇ ಹುಡುಗಿ. ಕಣ್ಣು ಊದಿಕೊಂಡಿತ್ತು. ಅವಳ ಬೆನ್ನ ಹಿಂದೆ ಚೆಂಡೆ ಹಿಡಿದವನೊಬ್ಬ, ಮೆಟ್ಟಿಲ ತುಂಬ ಜನ.

"ಆಂಟಿ, ಸರ್‌ಗೆ ಲಾಸ್ಟ್ ಟೈಮ್ ಸ್ವಲ್ಪ ಬಾರಿಸ್ತೀವಿ. ಕೆಳಗಿನ ಮನೆಯವರನ್ನು ಕೇಳದೆ ಇಲ್ಲಿ ಬಾರಿಸ್ಬಾರ್ದು ಅಂತ ಸರ್ ಹೇಳ್ತಿದ್ರು. ಅದಕ್ಕೆ ಕೇಳೋಕೆ ಬಂದ್ವಿ." ಹೇಳುತ್ತಿದ್ದಂತೆ ಅವಳಿಗೆ ನನ್ನ ಗುರುತು ಹತ್ತಿತು. ಆ ಸಂಜೆ ಈ ಬಾಗಿಲಲ್ಲೇ ತಾನು ಕೇಳಿದ್ದೂ, ನಾನು ಕೊಟ್ಟ ಉತ್ತರವೂ ಅವಳಿಗೆ ನೆನಪಾಗಿರಬೇಕು. ಕಣ್ಣು ಬೇರೆ ಕಡೆ ಹೊರಳಿಸಿದಳು.

ಜೋರಾಗಿ ಬಾರಿಸಿ, ಬಿಲ್ಡಿಂಗ್ ಅದುರುವಂತೆ ಬಾರಿಸಿ ಅನ್ನಬೇಕಿತ್ತು. ಆಗಲಿ ಎಂದು ತಲೆಯಾಡಿಸಿದೆ, ಅಷ್ಟೇ.

ಅವರು ಮೇಲೆ ಹೋದರು. ಬಾಗಿಲು ತೆರೆದಿಟ್ಟುಕೊಂಡು ನಿಂತೆ. ನನಗೆ ತೊಂದರೆಯಾಗಬಾರದೆಂದು ಅವರು ಬಹಳ ಮೆಲ್ಲಗೆ ಬಾರಿಸಿದರು.