ಮೆಲ್ಲಗೆ ಹಾಕಿದ ಬಾಗಿಲು

ನಮ್ಮ ಮಾವನವರಿಗೆ ಸೊಸೆಗಿಂತ ಮೋಟಾರಿನ ಬಾಗಿಲ ಮೇಲೆ ಅಕ್ಕರೆ ಹೆಚ್ಚು. ಐವತ್ತರ ದಶಕದ ಗಜೇಂದ್ರಗಡದಲ್ಲಿ ಅರಳೆ ವ್ಯಾಪಾರಿಗಳಾಗಿದ್ದ ಅವರು ಯಾರೋ ಬಳಸಿ ಬಿಟ್ಟ ಕಾರೊಂದನ್ನು ಕೊಂಡಿದ್ದರು. ಹೆಂಗಸರು ಹತ್ತಿದಾಗಲೆಲ್ಲ ಅದೇ ರಗಳೆ.

“ಹೆಣ್ಮಕ್ಕಳು ಬಾಗಲಾ ಎಷ್ಟ ಜೋರ ಬಡೀತಾರ ನೋಡು! ಮೆಲ್ಲಕ ಹಾಕಂತ ಹೇಳು,” ಎಂದು ಅತ್ತೆಯವರಿಗೆ ಹೇಳುತ್ತಿದ್ದರು. ಮಾವ-ಸೊಸೆ ನೇರ ಮಾತಾಡುವ ರೂಢಿ ನಮ್ಮಲ್ಲಿರಲಿಲ್ಲ. ಮದುವೆಯಾಗಿ ಬಂದಾಗಿನಿಂದ ನನ್ನ ದನಿ ಅವರ ಕಿವಿಗೆ ಬಿದ್ದಿರಲಿಲ್ಲ. ಹಿರಿಯರೆದುರು ಗಂಡನನ್ನು ಮಾತಾಡಿಸುವಂತೆಯೂ ಇರಲಿಲ್ಲ. ಏನಿದ್ದರೂ ಅತ್ತೆಯ ಮೂಲಕ.

ಆ ಸಲ ರೋಣದ ಬೀಗರ ಮನೆಗೆ ಹೊರಟಾಗ, ಮಲಗಿದ ಕೂಸು ಎದ್ದೀತೇನೋ ಎಂಬಷ್ಟು ಮೆಲ್ಲಗೆ ಬಾಗಿಲು ಹಾಕಿದೆ. ಮುಂದೆ ಗಂಡ ಕಾರು ನಡೆಸುತ್ತಿದ್ದರು, ಪಕ್ಕದಲ್ಲಿ ಮಾವ. ಹಿಂದೆ ಅತ್ತೆ, ನಾನು, ನನ್ನ ತೊಡೆಯ ಮೇಲೆ ಆಗಷ್ಟೇ ಕೂಡಲು ಕಲಿತಿದ್ದ ಮಗಳು. ಊರು ದಾಟುತ್ತಲೇ ಬಾಗಿಲು ಲಟಲಟ ಅಂದಿತು. ನೋಡಿದರೆ ಸಂದಿಯಲ್ಲಿ ಎರೆನೆಲ ಓಡುತ್ತಿದೆ! ಚಿಲಕ ಬಿದ್ದೇ ಇರಲಿಲ್ಲ.

ಒಂದು ಕೈಯಲ್ಲಿ ಮಗು, ಇನ್ನೊಂದರಲ್ಲಿ ಬಾಗಿಲಿನ ಹಿಡಿ; ಎಷ್ಟು ಎಳೆದರೂ ಚಿಲಕ ಬೀಳಲಿಲ್ಲ. ಅತ್ತೆಯವರನ್ನು ಮೊಣಕೈಯಿಂದ ತಿವಿದೆ. ಮೋಟಾರು ಹತ್ತಿದರೆ ಅವರಿಗೆ ಹೊಟ್ಟೆ ತೊಳಸುತ್ತಿತ್ತು. ನಿಂಬೆಹಣ್ಣನ್ನು ಮೂಗಿಗೆ ಹಿಡಿದು, ಕಣ್ಣು ತೆರೆಯದೆಯೇ, “ಸುಮ್ನ ಕೂಡವಾ, ಬಾಯಿ ತೆಗದ್ರ ವಾಂತಿ ಬರತೈತಿ,” ಅಂದರು.

ಮುಂದೆ ಗಂಡಸರದ್ದು ಬೇರೆಯೇ ಜಗಳ. “ಎತ್ತಿನ ಬಂಡಿನೂ ಇದಕ್ಕಿಂತ ಲಗೂ ಹೋಗತೈತಿ,” ಎಂದು ಮಾವ ಕೆಣಕಿದರು. ಗಂಡ ಸಿಟ್ಟಿಗೆದ್ದು ವೇಗ ಹೆಚ್ಚಿಸಿದರು. ಅಬ್ಬಿಗೇರಿ ದಾಟುವಷ್ಟರಲ್ಲಿ ನನ್ನ ಬೆರಳುಗಳು ಜೋಮು ಹಿಡಿದಿದ್ದವು. ಬೆವರಿಗೆ ಹಿಡಿ ಜಾರುತ್ತಿತ್ತು. ತಗ್ಗು ಬಂದಾಗಲೆಲ್ಲ ಮಗಳು ನಕ್ಕು ಪುಟಿಯುತ್ತಿದ್ದಳು, ನಾನು ಕಂಡ ಕಂಡ ದೇವರಿಗೆಲ್ಲ ಹರಕೆ ಹೊರುತ್ತಿದ್ದೆ. ಬಾಗಿಲಿನ ಹೆದರಿಕೆ ಒಂದಾದರೆ, ಬಾಯಿ ತೆರೆಯುವ ಹೆದರಿಕೆ ಇನ್ನೊಂದು. ಎರಡನೆಯದೇ ದೊಡ್ಡದಾಗಿತ್ತಲ್ಲ ಎಂದು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ಹಳ್ಳದ ಇಳಿಜಾರಿನಲ್ಲಿ ಕಾರು ಎತ್ತಿ ಹಾಕಿತು. ಹಿಡಿ ಕೈತಪ್ಪಿ ಬಾಗಿಲು ಹಾರುಹೊಡೆಯಿತು. ಮಗಳು ಆ ಬೆಳಕಿನ ಕಡೆ ವಾಲಿದಳು. ಅವಳ ಅಂಗಿಯ ಚುಂಗು ಹೇಗೋ ನನ್ನ ಮುಷ್ಟಿಗೆ ಸಿಕ್ಕಿತು.

“ಮಾವಾರ, ಗಾಡಿ ನಿಲ್ಲಸ್ರೀ!” ಎಂದು ಚೀರಿದೆ.

ಕಾರು ನಿಂತಿತು. ಮಾವ ಇಳಿದು ಬಂದರು. ತೆರೆದ ಬಾಗಿಲನ್ನೂ ನಾನು ಎದೆಗೆ ಅವಚಿಕೊಂಡಿದ್ದ ಮಗುವನ್ನೂ ನೋಡಿದರು. ಮುಖ ಬಿಳಿಚಿಕೊಂಡಿತ್ತು. ಮಗಳ ತಲೆಯ ಮೇಲೆ ಕೈಯಿಟ್ಟರು. ಆಮೇಲೆ ಅತ್ತೆಯವರ ಕಡೆ ತಿರುಗಿ ಅಂದರು:

“ಮೊದ್ಲ ಯಾಕ ಹೇಳಲಿಲ್ಲ ಅಂತ ಆಕೀನ್ನ ಕೇಳು.”