ತೂಕ ನೋಡಿದರು, ತೋಳು ನೋಡಲಿಲ್ಲ

ನನ್ನ ಗಂಡನನ್ನು ಸೊರಗಿಸಿದ್ದು ಲಿವರ್ ಕಾಯಿಲೆ ಒಂದೇ ಅಲ್ಲ. ನಾನು ಉಪವಾಸ ಕೆಡವಿದೆ, ಆಸ್ಪತ್ರೆಯವರು ನೋಡಿಕೊಂಡು ಸುಮ್ಮನಿದ್ದರು. ನಡೆದದ್ದು ಇಷ್ಟೇ. ಹಣೆಬರಹ ಎನ್ನುವವರು ಎಂದುಕೊಳ್ಳಲಿ.

ಕಾಯಿಲೆ ಬಂದದ್ದು ಕುಡಿತದಿಂದ. ಮುಚ್ಚಿಡುವುದೇನಿದೆ, ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಅರ್ಧ ಜನಕ್ಕೆ ಗೊತ್ತು. ಕಣ್ಣು ಹಳದಿಯಾಗಿ, ಹೊಟ್ಟೆಯಲ್ಲಿ ನೀರು ತುಂಬಿದ ಮೇಲೆ ಬಿಟ್ಟರು. ಡಾಕ್ಟರು ಹೇಳಿದ್ದು ಎರಡೇ ಮಾತು: ಕುಡಿಯಬೇಡಿ, ಉಪ್ಪು ಕಡಿಮೆ ಮಾಡಿ. ಏನು ತಿನ್ನಬೇಕು ಎಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಅದನ್ನು ಹೇಳಲು ಚಿಂತಾಮಣಿಯಿಂದ ನನ್ನ ನಾದಿನಿ ಬಂದಳು. ಕೈಯಲ್ಲಿದ್ದ ಚೀಲ ಇಳಿಸುವ ಮೊದಲೇ ಅಡುಗೆಮನೆಗೆ ನುಗ್ಗಿ ಪಾತ್ರೆಗಳ ಮುಚ್ಚಳ ಎತ್ತಿ ನೋಡಿದಳು.

"ಅಯ್ಯೋ ಅತ್ತಿಗೆ, ಕಾಮಾಲೆ ಮನುಷ್ಯಂಗೆ ಬೇಳೆ ಸಾರು ಹಾಕ್ತಾ ಇದೀಯಾ? ಮೊಟ್ಟೆ ಬೇರೆ! ನಮ್ಮಣ್ಣನ್ನ ಸಾಯಿಸ್ಬೇಕು ಅಂತಿದೀಯಾ ಹೆಂಗೆ?"

ನಮ್ಮ ಕಡೆ ಕಾಮಾಲೆಗೆ ಪಥ್ಯ ಅಂದರೆ ಪಥ್ಯವೇ. ಎಣ್ಣೆ, ಬೇಳೆ, ಮೊಟ್ಟೆ, ಮಾಂಸ ಏನೂ ಕೂಡದು. ಅನ್ನದ ಗಂಜಿ, ನೀರು ಮಜ್ಜಿಗೆ, ಅಷ್ಟೇ. ಬಂದು ಹೋಗುವ ಕಾಮಾಲೆಗೆ ಹಿರಿಯರು ಹದಿನೈದು ಇಪ್ಪತ್ತು ದಿನ ಮಾಡುತ್ತಿದ್ದರು. ಬಂದು ಕೂತುಬಿಟ್ಟ ಕಾಯಿಲೆಗೆ ನಾನು ಏಳು ತಿಂಗಳು ಮಾಡಿದೆ. ಸಂಜೆ ಏಳಕ್ಕೆ ಗಂಜಿ. ಆಮೇಲೆ ಮರುದಿನ ಹತ್ತಕ್ಕೆ, ರೇಷ್ಮೆ ಹುಳುಗಳಿಗೆ ಸೊಪ್ಪು ಹಾಕಿ ನಾನು ಒಲೆ ಮುಂದೆ ಕೂತಾಗ. ಹುಳುವಿಗೆ ಒಂದು ಹೊತ್ತೂ ತಪ್ಪಿಸಿದವಳಲ್ಲ.

"ಏಮೇ, ಒಂಚೂರು ಹುಳಿಸಾರು ಕೊಡೇ, ಬಾಯಿ ಸತ್ತೋಗದೆ" ಎನ್ನುತ್ತಿದ್ದರು ಗಂಡ.

"ಬಾಯಿ ಸತ್ರೆ ಸಾಯ್ಲಿ, ನೀವು ಉಳ್ಕೊಳಿ" ಎನ್ನುತ್ತಿದ್ದೆ.

ತಿಂಗಳಿಗೊಮ್ಮೆ ಚಿಕ್ಕಬಳ್ಳಾಪುರದ ಒಂದು ಖಾಸಗಿ ಆಸ್ಪತ್ರೆಗೆ ಹೋಗುತ್ತಿದ್ದೆವು. ಬಾಗಿಲಲ್ಲೇ ತೂಕದ ಯಂತ್ರ. ಅರವತ್ತೆರಡು. ಮುಂದಿನ ತಿಂಗಳೂ ಅರವತ್ತೆರಡು. ಆಮೇಲೆ ಅರವತ್ತಮೂರು. "ತೂಕ ಇಳ್ದಿಲ್ಲ ಅಜ್ಜಿ, ಚೆನ್ನಾಗವ್ರೆ" ಎಂದು ಹೇಳಿ, ತೂಕ ಚೀಟಿಯಲ್ಲಿ ಬರೆದು ಕಳಿಸುತ್ತಿದ್ದರು. ನನಗೆ ಹೆಮ್ಮೆ. ನಾಲ್ಕನೇ ಕ್ಲಾಸು ಓದಿದವಳು, ಅಂಕಿ ಓದಲು ಬರುತ್ತದೆ. ಆ ಅಂಕಿಯಲ್ಲಿ ಮನುಷ್ಯ ಎಷ್ಟು, ನೀರು ಎಷ್ಟು ಎಂದು ಯಾರೂ ಹೇಳಲಿಲ್ಲ. ರೋಗಕ್ಕೆ ಊದಿದ ಹುಳು ಕೊಬ್ಬಿದ ಹುಳುವಲ್ಲ ಎಂದು ದೂರದಿಂದಲೇ ಹೇಳುವವಳು ನಾನು. ಗಂಡನ ತೋಳು ಕಡ್ಡಿಯಾಗಿದ್ದು ಕಾಣಲಿಲ್ಲವೇ? ಕಂಡಿತ್ತು. ಕಾಯಿಲೆ ಅಂದರೆ ಹಾಗೇ ಎಂದುಕೊಂಡೆ.

ಏಳನೇ ತಿಂಗಳಲ್ಲಿ ಹೊಟ್ಟೆ ಬಿಗಿದು ಉಸಿರಾಡಲು ಆಗದಾಗ ಸೂಜಿ ಹಾಕಿ ನೀರು ತೆಗೆದರು. ಮತ್ತೆ ತೂಕ ಹಾಕಿದರೆ ಐವತ್ತಾರು.

ಊಟದ ವಿಚಾರ ನೋಡಿಕೊಳ್ಳಲು ಅಲ್ಲಿಗೆ ಹೊಸದಾಗಿ ಸೇರಿದ್ದ ಹೆಂಗಸೊಬ್ಬಳು ಆಗ ಟೇಪು ತಂದು ತೋಳು ಅಳೆದಳು. ಎರಡು ಬೆರಳು ಮುಂದೆ ಚಾಚಿ, "ತಾತ, ಗಟ್ಟಿಯಾಗಿ ಹಿಡ್ಕೊಳ್ಳಿ" ಎಂದಳು.

"ಹಿಡ್ದಿದೀನಲ್ಲಮ್ಮ" ಎಂದರು.

ಹಿಡಿದದ್ದು ಅವಳಿಗೆ ಗೊತ್ತೇ ಆಗಿರಲಿಲ್ಲ. ಕೈ ಊರದೆ ಕುರ್ಚಿಯಿಂದ ಏಳಲು ಹೇಳಿದಳು. ಎರಡು ಸಲ ಎದ್ದರು, ಮೂರನೆಯದಕ್ಕೆ ಕೂತೇಬಿಟ್ಟರು.

"ಊಟಕ್ಕೆ ಏನ್ ಕೊಡ್ತೀರ ಅಜ್ಜಿ?"

ಪಥ್ಯವನ್ನೆಲ್ಲ ಹೇಳಿದೆ, ಜಂಬದಿಂದಲೇ. ಅವಳು ಬರೆಯುವುದನ್ನು ನಿಲ್ಲಿಸಿದಳು.

"ಉಪ್ಪು ಕಡ್ಮೆ ಮಾಡಿದ್ದು ಸರಿ. ಬೇಳೆ, ಮೊಟ್ಟೆ ಯಾಕಜ್ಜಿ ನಿಲ್ಸಿದ್ರಿ? ಹೊಟ್ಟೆಗೆ ಬೀಳ್ದೆ ಇದ್ರೆ ಮೈ ತನ್ನ ಮಾಂಸಾನೇ ತಿನ್ನತ್ತೆ. ಲಿವರ್ ಕೆಟ್ಟೋರು ಅಷ್ಟೊತ್ತು ಖಾಲಿ ಹೊಟ್ಟೆಲಿ ಇರ್ಲೇಬಾರ್ದು. ಇನ್ನೂ ಸೊರಗಿದ್ರೆ, ಒಂದು ಜ್ವರ ಬಂದ್ರೂ ಈ ಮೈ ತಡ್ಕೊಳಲ್ಲ."

"ಏಳು ತಿಂಗ್ಳಿಂದ ಬರ್ತಾ ಇದೀವಲ್ಲಮ್ಮ, ಈ ಟೇಪು ಎಲ್ಲಿ ಹೋಗಿತ್ತು?"

"ಮೊದ್ಲೇ ನೋಡ್ಬೇಕಿತ್ತು ಅಜ್ಜಿ" ಎಂದಳು.

ಬೈಯಬೇಕಾದದ್ದು ಅವಳನ್ನಲ್ಲ. ಆದರೂ ಬೈದೆ, ಎದುರಿಗಿದ್ದವಳು ಅವಳೊಬ್ಬಳೇ. ಆ ಟೇಪಿಗೆ ಕರೆಂಟು ಬೇಡ, ದೊಡ್ಡ ಡಾಕ್ಟರು ಬೇಡ. ರಕ್ತ ತೆಗೆದರು, ಸ್ಕ್ಯಾನ್ ಮಾಡಿದರು, ಅಂಗಿ ತೋಳು ಮೇಲೆ ಸರಿಸಿ ನೋಡಲು ಮಾತ್ರ ಯಾರಿಗೂ ಕೈ ಬರಲಿಲ್ಲ.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಗಂಡ ಹೇಳಿದರು: "ಕುಡಿಯೋದು ಬಿಡು ಅಂದ್ರು ಡಾಕ್ಟ್ರು, ಬಿಟ್ಟೆ. ತಿನ್ನೋದು ಬಿಡ್ಸಿದ್ದು ನೀನು ಕಣೇ."



ಮನೆಗೆ ಬಂದು ನಾದಿನಿಗೆ ಫೋನು ಮಾಡಿ, ಟೇಪು ಹಿಡಿದವಳು ಹೇಳಿದ್ದನ್ನೆಲ್ಲ ಹೇಳಿದೆ. ಅವಳು ನಕ್ಕಳು. "ಟೇಪು ಹಿಡ್ದೋರು ಟೈಲರ್ ಆಗ್ತಾರೆ ಅತ್ತಿಗೆ, ಡಾಕ್ಟ್ರು ಆಗ್ತಾರಾ? ನಾಳೆ ನಾನೇ ಬರ್ತೀನಿ. ಅಲ್ಲೀಗಂಟ ಏನೂ ಕೊಡ್ಬೇಡ."

ಮರುದಿನ ಬೆಳಿಗ್ಗೆ ಅವಳ ಬಸ್ಸು ಚಿಂತಾಮಣಿ ಬಿಡುವ ಮೊದಲೇ ಎರಡು ಮೊಟ್ಟೆ ಬೇಯಿಸಿ, ಸಿಪ್ಪೆ ಸುಲಿದು, ಉಪ್ಪಿಲ್ಲದೆ ಗಂಡನ ಮುಂದೆ ಇಟ್ಟೆ. ಒಂದು ತಿಂದು ಸಾಕು ಎಂದರು, ಹೊಟ್ಟೆ ಅಷ್ಟು ಮುದುಡಿತ್ತು. ಇನ್ನೊಂದನ್ನು ನಾಲ್ಕು ಹೋಳು ಮಾಡಿದೆ. ಕೊನೆಯ ಹೋಳು ಒಳಗೆ ಹೋಗುವ ತನಕ ಎದುರಿಗೆ ಕೂತು ಏಳಲಿಲ್ಲ.